ಹುಂಡಿಯಲ್ಲಿ ಮೊದಲೇ ಇದ್ದ ನಾಣ್ಯ

ಈ ಕಲ್ಲನ್ನು ಮುಂದಿನ ಸಾಲಿನಿಂದ ಕಳಿಸುತ್ತಿದ್ದೇನೆ. ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ದಾಟಿಸಿ. ಭಾರ ಇದೆ, ಜೋಪಾನ. ಒಂದು ಬಿಳಿ ಪಟ್ಟಿ, ಒಂದು ಕಪ್ಪು ಪಟ್ಟಿ, ಮತ್ತೆ ಬಿಳಿ. ಕನಕಪುರ ರಸ್ತೆಯ ಕಡೆ ಚಪ್ಪಡಿ ಒಡೆಯುವ ಜಾಗದಲ್ಲಿ ಬಿದ್ದಿದ್ದ ಚೂರು ಇದು. ನಿಮ್ಮಲ್ಲಿ ಹಲವರ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲೂ ಇದೇ ಜಾತಿಯದ್ದಾಗಿರಬಹುದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ನೈಸ್ ಅಂದರೆ ಇಂಥ ಪಟ್ಟೆಪಟ್ಟೆಯ ಕಲ್ಲು. ಇದು ತುಂಬಾ ಹಳೆಯದು ಅಂತ ಅವರಿಗೆ ಗೊತ್ತಿತ್ತು, ಎಷ್ಟು ಹಳೆಯದು ಅಂತ ಅಂಕಿಯಲ್ಲಿ ಹೇಳಲು ಅವರ ಬಳಿ ಸಾಧನ ಇರಲಿಲ್ಲ. ಇವತ್ತು ಲಾಲ್‌ಬಾಗಿನ ಫಲಕದಲ್ಲಿ ಅಂಕಿ ಇದೆ: 300 ಕೋಟಿ ವರ್ಷ.

ಕೆಲವು ತಿಂಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅಮೆರಿಕದಲ್ಲಿ ಮಾಡಿದ್ದು. ಅದರ ಸಾರ ಹೀಗೆ: ಕಣ್ಣೆದುರೇ ಹುಟ್ಟಿದ, ಹತ್ತು ವರ್ಷವಷ್ಟೇ ಆಗಿದ್ದ ಕಲ್ಲನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಮೂರೂವರೆ ಲಕ್ಷ ವರ್ಷ ಎಂಬ ಉತ್ತರ ಬಂತು, ಆದ್ದರಿಂದ ಕೋಟಿಗಟ್ಟಲೆ ವರ್ಷದ ಲೆಕ್ಕವೆಲ್ಲ ಸುಳ್ಳು, ಭೂಮಿಗೆ ಆರು ಸಾವಿರ ವರ್ಷ ಮಾತ್ರ. ಅವಳು ನನ್ನನ್ನು ಕೇಳಿದ್ದು, "ಸರ್, ಆ ಕಲ್ಲಿನ ವಿಷಯ ನಿಜವಾ?"

ನಿಜ. ಆ ಅಳತೆ ನಡೆದದ್ದು ನಿಜ, ಆ ಉತ್ತರ ಬಂದದ್ದೂ ನಿಜ. ಇವತ್ತು ನಾನು ಅಲ್ಲಿಂದಲೇ ಶುರುಮಾಡುತ್ತೇನೆ. ಎದುರಿನವರ ಅತ್ಯಂತ ಗಟ್ಟಿ ಉದಾಹರಣೆಯನ್ನು ಪಕ್ಕಕ್ಕೆ ಸರಿಸಿ ಮಾತಾಡಿದರೆ ಅದು ಪರಿಶೀಲನೆ ಆಗುವುದಿಲ್ಲ.

ಮೊದಲು ಆರು ಸಾವಿರ ಎಂಬ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡೋಣ. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನು, ಹಳೆಯ ರಾಜರ ಆಳ್ವಿಕೆಗಳನ್ನು ಒಂದಕ್ಕೊಂದು ಜೋಡಿಸಿ, ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ 23ರ ಹಿಂದಿನ ಸಂಜೆ ಎಂದು ಲೆಕ್ಕ ಕೊಟ್ಟರು. ಆ ಕಾಲಕ್ಕೆ ಅದು ಗಂಭೀರ ವಿದ್ವತ್ತು. ಕೈಯಲ್ಲಿದ್ದ ದಾಖಲೆಗಳನ್ನೆಲ್ಲ ಅವರು ಶ್ರದ್ಧೆಯಿಂದ ಬಳಸಿದರು. ಕಲ್ಲುಗಳ ಒಳಗೂ ದಾಖಲೆ ಇದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕೆಲವು ಗುಂಪುಗಳು ಈ ಸಂಖ್ಯೆಯನ್ನೇ ವಿಜ್ಞಾನವೆಂದು ಶಾಲೆಗಳಿಗೆ ತರಲು ಹೊರಟವು. 1981ರಲ್ಲಿ ಅರ್ಕನ್ಸಾ ರಾಜ್ಯ ಅದಕ್ಕಾಗಿ ಕಾನೂನನ್ನೇ ಮಾಡಿತು. 1982ರ ಜನವರಿ 5ರಂದು ನ್ಯಾಯಾಧೀಶ ವಿಲಿಯಂ ಓವರ್ಟನ್ ಅದನ್ನು ರದ್ದು ಮಾಡಿದರು. ಆ ಮೊಕದ್ದಮೆ ಹೂಡಿದವರಲ್ಲಿ ಮೊದಲ ಹೆಸರು ಒಬ್ಬ ಮೆಥಡಿಸ್ಟ್ ಪಾದ್ರಿಯದು. ಜೊತೆಗೆ ಇನ್ನೂ ಹಲವು ಧರ್ಮಗುರುಗಳಿದ್ದರು. ಇದು ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳ ಅಂತ ಯಾರಾದರೂ ಹೇಳಿದರೆ ಈ ಮಾತನ್ನು ನೆನಪಿಸಿ.

ಈ ಹಂತದಲ್ಲಿ ನಮ್ಮ ಸಭೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ, ಆಗಲೇ ಒಬ್ಬರು ಕೈ ಎತ್ತಿದ್ದನ್ನು ನೋಡಿದೆ. "ನಮ್ಮಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವುದಕ್ಕೆ ಹತ್ತಿರವೇ ಇದೆಯಲ್ಲ?" ಅಷ್ಟು ದೀರ್ಘವಾದ ಕಾಲವನ್ನು ಮನಸ್ಸಿನಲ್ಲಿ ಹಿಡಿಯಲು ಹಿಂಜರಿಯದ ಪೂರ್ವಜರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಒಂದೇ ತಕ್ಕಡಿ ಎಲ್ಲರಿಗೂ ಇರಬೇಕು. 432 ಕೋಟಿ ಎಂಬುದು ಕಲ್ಪದ ಒಟ್ಟು ಅವಧಿ. ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ ಅಂತ ಹೇಳುತ್ತೇವಲ್ಲ, ಆ ಗಣನೆಯ ಪ್ರಕಾರ ಈ ಕಲ್ಪದಲ್ಲಿ ಇದುವರೆಗೆ ಕಳೆದಿರುವುದು ಸುಮಾರು 197 ಕೋಟಿ ವರ್ಷ. ನಿಮ್ಮ ಕೈಯಲ್ಲಿ ದಾಟುತ್ತಿರುವ ಕಲ್ಲು ಅದಕ್ಕಿಂತ ನೂರು ಕೋಟಿ ವರ್ಷ ಹಳೆಯದು. ಸಂಖ್ಯೆ ಹತ್ತಿರ ಬಂತು ಅಂತ ಒಂದನ್ನು ಒಪ್ಪಿ, ದೂರ ಹೋಯಿತು ಅಂತ ಇನ್ನೊಂದನ್ನು ತಳ್ಳಿದರೆ ನಾವೂ ಅಳತೆ ಮಾಡಿದಂತಾಗುವುದಿಲ್ಲ. ಅಂಕಿ ಹೇಗೆ ಬಂತು ಅಂತ ಕೇಳಬೇಕು.

ಈಗ ಗಡಿಯಾರಕ್ಕೆ ಬರೋಣ. ಚಿಕ್ಕಂದಿನಲ್ಲಿ ಜಾತ್ರೆಯಿಂದ ತರುತ್ತಿದ್ದ ಮಣ್ಣಿನ ಹುಂಡಿ ನೆನಪಿಸಿಕೊಳ್ಳಿ. ದಿನಕ್ಕೊಂದು ನಾಣ್ಯ ತಪ್ಪದೆ ಹಾಕುತ್ತಾ ಬಂದಿದ್ದೀರಿ. ಒಂದು ದಿನ ಹುಂಡಿ ಒಡೆದು ಎಣಿಸಿದರೆ ಎಷ್ಟು ದಿನದಿಂದ ಹಾಕುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಕಲ್ಲಿನೊಳಗಿನ ಹರಳು ಇಂಥ ಹುಂಡಿ. ಪೊಟ್ಯಾಶಿಯಂ ಎಲ್ಲ ಕಡೆ ಇರುವ ಧಾತು, ಬಾಳೆಹಣ್ಣಿನಲ್ಲೂ ಇದೆ, ಈ ಕಲ್ಲಿನಲ್ಲೂ ಇದೆ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಒಂದರಷ್ಟು ಪೊಟ್ಯಾಶಿಯಂ 40. ಅದು ಅಸ್ಥಿರ, ತಾನಾಗಿಯೇ ಬೇರೆ ಪರಮಾಣುವಾಗಿ ಬದಲಾಗುತ್ತದೆ, ಅದಕ್ಕೇ ಕ್ಷಯ ಅನ್ನುವುದು. ಅದರಲ್ಲಿ ಅರ್ಧ ಕ್ಷಯಿಸಲು 125 ಕೋಟಿ ವರ್ಷ ಬೇಕು, ಅದನ್ನೇ ಅರ್ಧಾಯು ಅನ್ನುವುದು. ಹಾಗೆ ಕ್ಷಯಿಸಿದ್ದರಲ್ಲಿ ನೂರಕ್ಕೆ ಸುಮಾರು 11 ಪಾಲು ಆರ್ಗಾನ್ ಅನಿಲವಾಗುತ್ತದೆ. ಕುದಿಯುವ ಲಾವಾದಿಂದ ಆರ್ಗಾನ್ ಹಾರಿಹೋಗುತ್ತದೆ, ಹುಂಡಿ ಖಾಲಿ. ಲಾವಾ ಆರಿ ಗಟ್ಟಿಯಾದ ಮೇಲೆ ಹುಟ್ಟುವ ಆರ್ಗಾನ್ ಹರಳಿನೊಳಗೇ ಸಿಕ್ಕಿಕೊಳ್ಳುತ್ತದೆ, ನಾಣ್ಯ ಬೀಳಲು ಶುರು.

ಹಾಗಾದರೆ ಎಲ್ಲೆಲ್ಲಿ ತಪ್ಪಬಹುದು? ಒಂದು, ಶುರುವಿನಲ್ಲೇ ಹುಂಡಿಯಲ್ಲಿ ನಾಲ್ಕು ಹಳೆಯ ನಾಣ್ಯ ಇದ್ದಿರಬಹುದು. ಎರಡು, ನಡುವೆ ಯಾರೋ ಕದ್ದಿರಬಹುದು. ಮೂರು, ದಿನಕ್ಕೊಂದು ಎಂಬ ಲೆಕ್ಕವೇ ಬದಲಾಗಿರಬಹುದು. ಭೂಮಿಗೆ ಆರು ಸಾವಿರ ವರ್ಷವಷ್ಟೇ ಎನ್ನುವ ಎಳೆಯ ಭೂಮಿಯ ವಾದದವರ ಆಕ್ಷೇಪಗಳೆಲ್ಲ ಈ ಮೂರರೊಳಗೆ ಬರುತ್ತವೆ. ಒಳ್ಳೆಯ ಪ್ರಶ್ನೆಗಳೇ. ಭೂವಿಜ್ಞಾನಿಗಳು ಅವರಿಗಿಂತ ಮೊದಲೇ ತಮ್ಮನ್ನು ತಾವು ಕೇಳಿಕೊಂಡ ಪ್ರಶ್ನೆಗಳು.

ಸೇಂಟ್ ಹೆಲೆನ್ಸ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜ್ವಾಲಾಮುಖಿ. 1980ರ ಮೇ 18ರಂದು ಸಿಡಿಯಿತು. ಆಮೇಲೆ 1980ರಿಂದ 1986ರವರೆಗೆ ಅದರ ಬಾಯಲ್ಲಿ ಲಾವಾ ಗುಮ್ಮಟವೊಂದು ಬೆಳೆಯಿತು. 1992ರ ಜೂನ್‌ನಲ್ಲಿ ಸೃಷ್ಟಿವಾದಿ, ಅಂದರೆ ಬೈಬಲ್ಲಿನ ಸೃಷ್ಟಿಕಥೆಯನ್ನೇ ವಿಜ್ಞಾನವೆಂದು ಹೇಳುವ, ಭೂವಿಜ್ಞಾನಿ ಸ್ಟೀವನ್ ಆಸ್ಟಿನ್ ಆ ಗುಮ್ಮಟದಿಂದ ಒಂದು ತುಂಡು ತಂದು, ಪುಡಿಮಾಡಿ, ಖನಿಜಗಳನ್ನು ಬೇರ್ಪಡಿಸಿ ಮೆಸಾಚುಸೆಟ್ಸ್‌ನ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ಇಡೀ ಕಲ್ಲಿಗೆ 3.5 ಲಕ್ಷ ವರ್ಷ ಬಂತು. ಅದರೊಳಗಿನ ಪೈರಾಕ್ಸೀನ್ ಹರಳುಗಳ ಒಂದು ಪಾಲಿಗೆ 28 ಲಕ್ಷ ವರ್ಷ.

ಹತ್ತು ವರ್ಷದಲ್ಲಿ ಆ ಕಲ್ಲಿನೊಳಗೆ ಎಷ್ಟು ಆರ್ಗಾನ್ ಹುಟ್ಟುತ್ತದೆ ಅಂತ ಲೆಕ್ಕ ಹಾಕಿ. ಸುಮಾರು 170 ಕೋಟಿ ಪೊಟ್ಯಾಶಿಯಂ 40 ಪರಮಾಣುಗಳಲ್ಲಿ ಒಂದೇ ಒಂದು ಆರ್ಗಾನ್ ಆಗಿರುತ್ತದೆ. ಆ ಪ್ರಯೋಗಾಲಯ ತನ್ನ ಗ್ರಾಹಕರಿಗೆ, 20 ಲಕ್ಷ ವರ್ಷಕ್ಕಿಂತ ಎಳೆಯ ಕಲ್ಲುಗಳನ್ನು ನಮ್ಮ ಯಂತ್ರದಲ್ಲಿ ಅಳೆಯಲಾಗದು ಎಂದು ಮೊದಲೇ ತಿಳಿಸಿತ್ತು. ಸೌದೆ ಡಿಪೋದಲ್ಲಿ ಗಾಡಿ ತೂಗುವ ತಕ್ಕಡಿ ಇರುತ್ತದಲ್ಲ, ಅದರ ಮೇಲೆ ಮೂಗುತಿ ಇಟ್ಟ ಹಾಗೆ. ಮುಳ್ಳು ಸ್ವಲ್ಪ ಅಲ್ಲಾಡಿ ಎರಡು ಕಿಲೋ ತೋರಿಸಬಹುದು. ಮೂಗುತಿ ಎರಡು ಕಿಲೋ ಇಲ್ಲ, ಒಪ್ಪೋಣ. ಆ ತಕ್ಕಡಿಯಲ್ಲಿ ಅದೇ ಬೆಳಗ್ಗೆ ತೂಗಿದ ಎರಡು ಟನ್ ಸೌದೆಯ ಲೆಕ್ಕ ಅದರಿಂದ ಬಿದ್ದುಹೋಗುತ್ತದೆಯೇ?

ಯಂತ್ರದ ಮಿತಿ ಇರಲಿ, ಕಲ್ಲಿನೊಳಗೂ ಒಂದು ಕಥೆ ಇದೆ. ಗುಮ್ಮಟದ ಆ ಕಲ್ಲು ಡೇಸೈಟ್. ಅದರಲ್ಲಿ ಬೂದು ಬಣ್ಣದ ನುಣುಪು ಹಿಟ್ಟಿನ ನಡುವೆ ದೊಡ್ಡ ಹರಳುಗಳು ಕಾಣುತ್ತವೆ, ನಾದಿದ ಹಿಟ್ಟಿನಲ್ಲಿ ಕಡಲೆಬೇಳೆ ಸಿಕ್ಕಿಕೊಂಡ ಹಾಗೆ. ಆ ದೊಡ್ಡ ಹರಳುಗಳು ಲಾವಾ ಹೊರಬಂದ ದಿನ ಹುಟ್ಟಿದವಲ್ಲ. ನೆಲದಡಿ ಶಿಲಾಪಾಕದ ಕೊಳದಲ್ಲಿ ಎಷ್ಟೋ ಕಾಲ ಮುಂಚೆಯೇ ಬೆಳೆದಿದ್ದವು. ಕೆಲವು ಅಕ್ಕಪಕ್ಕದ ಹಳೆಯ ಬಂಡೆಗಳಿಂದ ಕಿತ್ತುಬಂದವೂ ಇರಬಹುದು. ಒಳಗಿನ ಒತ್ತಡದಲ್ಲಿ ಅವು ಆರ್ಗಾನನ್ನು ಹಿಡಿದಿಟ್ಟುಕೊಂಡೇ ಮೇಲೆ ಬಂದವು. ಹುಂಡಿಯಲ್ಲಿ ಮೊದಲೇ ಇದ್ದ ನಾಣ್ಯ ಅಂದದ್ದು ಇದಕ್ಕೇ. ದೊಡ್ಡ ಹರಳುಗಳನ್ನೇ ಆರಿಸಿ ಅಳೆದಷ್ಟೂ ಹೆಚ್ಚು ವಯಸ್ಸು ಬಂದದ್ದು ಈ ವಿವರಣೆಗೆ ಸರಿಯಾಗಿ ಹೊಂದುತ್ತದೆ.

ಈಗ ತಪ್ಪಿನ ಗಾತ್ರ ನೋಡಿ. ಮೂರೂವರೆ ಲಕ್ಷ ವರ್ಷದ ಹೆಚ್ಚುವರಿ ಆರ್ಗಾನ್ ನಮ್ಮ ಬೆಳಗಾವಿ ಕಡೆಯ ದಖನ್ ಲಾವಾದಲ್ಲಿ ಸೇರಿಕೊಂಡಿದೆ ಅಂತಲೇ ಇಟ್ಟುಕೊಳ್ಳಿ. ಅದರ ವಯಸ್ಸು 6.6 ಕೋಟಿ ವರ್ಷ. ತಪ್ಪು ಶೇಕಡಾ ಒಂದೂ ಆಗಲಿಲ್ಲ, ಅರ್ಧ ಆಯಿತು. ಎಳೆಯ ಕಲ್ಲಿನಲ್ಲಿ ಬೆಟ್ಟದಷ್ಟು ಕಾಣುವ ತಪ್ಪು ಹಳೆಯ ಕಲ್ಲಿನಲ್ಲಿ ಹುಲ್ಲುಕಡ್ಡಿ.

ಇದು ಅಪರೂಪವೋ ಸಾಮಾನ್ಯವೋ ಎಂಬುದನ್ನು ಅಮೆರಿಕದ ಭೂವಿಜ್ಞಾನಿ ಬ್ರೆಂಟ್ ಡಾಲ್ರಿಂಪಲ್ 1969ರಲ್ಲೇ ಪರೀಕ್ಷಿಸಿದ್ದರು. ಅರ್ಕನ್ಸಾ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದವರು ಇವರೇ. ಹರಿದ ದಿನಾಂಕ ಚರಿತ್ರೆಯಲ್ಲಿ ದಾಖಲಾಗಿರುವ 26 ಲಾವಾಗಳನ್ನು ಅವರು ಅಳೆದರು. 18ರಲ್ಲಿ ಆರ್ಗಾನ್ ಇರಬೇಕಾದ ಹಾಗೇ ಇತ್ತು. ಉಳಿದ ಎಂಟರಲ್ಲಿ ಏರುಪೇರು. ಅದನ್ನು ಅವರು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಎಳೆಯ ಭೂಮಿವಾದಿಗಳು ಉದ್ಧರಿಸುವ ವಿಚಿತ್ರ ವಯಸ್ಸುಗಳಲ್ಲಿ ಬಹುಪಾಲು ಹೀಗೆ ಭೂವಿಜ್ಞಾನಿಗಳೇ ದೋಷ ಹುಡುಕಲು ಮಾಡಿದ ಪರೀಕ್ಷೆಗಳಿಂದ ಎತ್ತಿಕೊಂಡವು. ಹವಾಯಿಯ ಹುಅಲಾಲೈ ಜ್ವಾಲಾಮುಖಿಯ 1801ರ ಲಾವಾಕ್ಕೆ ಕೋಟಿಗಟ್ಟಲೆ ವರ್ಷ ಬಂತು ಅಂತ ಹೇಳುತ್ತಾರಲ್ಲ, 1968ರ ಆ ಅಧ್ಯಯನದಲ್ಲಿ ಆ ವಯಸ್ಸು ಬಂದದ್ದು ಲಾವಾಕ್ಕಲ್ಲ. ಲಾವಾ ತನ್ನೊಡನೆ ಆಳದಿಂದ ಹೊತ್ತು ತಂದ, ಕರಗದೆ ಉಳಿದ ಬೇರೆ ಕಲ್ಲಿನ ಗಂಟುಗಳಿಗೆ. ಅವುಗಳಲ್ಲಿ ಹಳೆಯ ಆರ್ಗಾನ್ ಎಷ್ಟು ಉಳಿದಿದೆ ಅಂತ ತಿಳಿಯುವುದೇ ಆ ಅಧ್ಯಯನದ ಉದ್ದೇಶವಾಗಿತ್ತು. ಅನ್ನ ಬೆಂದಿದೆಯೇ ಅಂತ ನೋಡಲು ಒಂದಗುಳು ಸಾಕು, ಸರಿ. ಆದರೆ ಆ ಅಗುಳು ಪಾತ್ರೆಯ ಒಳಗಿನದ್ದಾಗಿರಬೇಕು, ಒಲೆಯ ಪಕ್ಕ ಉದುರಿದ ಅಕ್ಕಿಕಾಳಲ್ಲ.

ತಕ್ಕ ತಕ್ಕಡಿ ಇದ್ದರೆ ಎಳೆಯ ಕಲ್ಲನ್ನೂ ಅಳೆಯಬಹುದು. 1997ರಲ್ಲಿ ಪಾಲ್ ರೆನ್ನೆ ಮತ್ತು ಜೊತೆಗಾರರು ಇಟಲಿಯ ಪಾಂಪೆ ಊರನ್ನು ಮುಚ್ಚಿದ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಿಂದ ಸ್ಯಾನಿಡೀನ್ ಹರಳುಗಳನ್ನು ಆರಿಸಿ, ಆರ್ಗಾನ್‌-ಆರ್ಗಾನ್ ಎಂಬ ಸುಧಾರಿತ ವಿಧಾನದಿಂದ ಅಳೆದರು. ಬಂದ ಉತ್ತರ 1925 ವರ್ಷ, 94 ವರ್ಷ ಆಚೀಚೆ. ಕ್ರಿಸ್ತಶಕ 79ರ ಸ್ಫೋಟಕ್ಕೆ ಆಗ ನಿಜವಾಗಿ ಆಗಿದ್ದದ್ದು 1918 ವರ್ಷ. ಆ ಹರಳುಗಳಲ್ಲೂ ಹೆಚ್ಚುವರಿ ಆರ್ಗಾನ್ ಇತ್ತು. ಹಾಗಿದ್ದೂ ಸರಿಯುತ್ತರ ಹೇಗೆ ಬಂತು? ಒಂದು ಹುಂಡಿ ಎಣಿಸಿದರೆ ಹಳೆಯ ನಾಣ್ಯ ಯಾವುದು, ಹೊಸದು ಯಾವುದು ತಿಳಿಯುವುದಿಲ್ಲ. ಒಂದೇ ದಿನ ಶುರುಮಾಡಿದ ಹಲವು ಹುಂಡಿಗಳಿದ್ದು, ಒಂದಕ್ಕೆ ದಿನಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಐದು ಬೀಳುತ್ತಿದ್ದರೆ, ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ ಶುರುವಿನಲ್ಲಿದ್ದದ್ದೆಷ್ಟು, ಆಮೇಲೆ ಬಿದ್ದದ್ದೆಷ್ಟು ಅಂತ ಬಿಡಿಸಬಹುದು. ಪೊಟ್ಯಾಶಿಯಂ ಹೆಚ್ಚು ಕಡಿಮೆ ಇರುವ ಪಾಲುಗಳನ್ನು ಗ್ರಾಫಿನಲ್ಲಿಟ್ಟರೆ ಒಂದು ಸರಳರೇಖೆ ಬರುತ್ತದೆ, ಅದಕ್ಕೆ ಐಸೊಕ್ರಾನ್ ಎನ್ನುತ್ತೇವೆ. ರೇಖೆಯ ಓರೆ ವಯಸ್ಸನ್ನು ಹೇಳುತ್ತದೆ. ರೇಖೆ ಬರದೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾದರೆ, ಈ ಕಲ್ಲು ವಯಸ್ಸು ಹೇಳಲು ತಕ್ಕದ್ದಲ್ಲ ಅಂತ ಆ ಕಲ್ಲೇ ತಿಳಿಸುತ್ತದೆ. ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ 330 ಕೋಟಿ ವರ್ಷ ಎಂಬ ಅಂಕಿ ಬಂದದ್ದು ರುಬಿಡಿಯಂ ಮತ್ತು ಸ್ಟ್ರಾನ್ಷಿಯಂ ಬಳಸಿ ಎಳೆದ ಇಂಥ ರೇಖೆಯಿಂದ.

ಎರಡನೆಯದು ಕಳ್ಳತನ. ಅದಕ್ಕೆ ನನಗೆ ಅತಿ ಪ್ರಿಯವಾದ ಖನಿಜ ಜಿರ್ಕಾನ್. ಕಣ್ಣಿಗೆ ರವೆಗಿಂತ ಸಣ್ಣದು. ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಒಳಗೆ ಸಿಗುವ ಸೀಸವೆಲ್ಲ ಬಹುತೇಕ ಆಮೇಲೆ ಹುಟ್ಟಿದ್ದು. ಅದರಲ್ಲೂ ಎರಡು ಗಡಿಯಾರ. ಯುರೇನಿಯಂ 238 ಸೀಸ 206 ಆಗುತ್ತದೆ, ಅರ್ಧಾಯು 447 ಕೋಟಿ ವರ್ಷ. ಯುರೇನಿಯಂ 235 ಸೀಸ 207 ಆಗುತ್ತದೆ, ಅರ್ಧಾಯು 70 ಕೋಟಿ ವರ್ಷ. ಒಂದೇ ಮನೆಯಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ. ಹರಳಿನಲ್ಲಿ ಬಿರುಕು ಬಿಟ್ಟು ಸೀಸ ಸೋರಿದರೆ ಎರಡು ಬಗೆಯ ಸೀಸವೂ ಒಂದೇ ಪ್ರಮಾಣದಲ್ಲಿ ಸೋರುತ್ತದೆ, ರಾಸಾಯನಿಕವಾಗಿ ಎರಡೂ ಸೀಸವೇ ತಾನೆ. ಆದರೆ ಗಡಿಯಾರಗಳ ವೇಗ ಬೇರೆ ಆದ್ದರಿಂದ ಎರಡೂ ಹೇಳುವ ವಯಸ್ಸು ತಾಳೆಯಾಗುವುದಿಲ್ಲ. ಕಳ್ಳತನ ಆಗಿದೆ ಎಂಬುದು ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ಎರಡೂ ತಾಳೆಯಾದರೆ ಸೋರಿಲ್ಲ ಎಂದರ್ಥ.

ಸೀಸದ ಮಾತು ಬಂದಾಗ ಕ್ಲೇರ್ ಪ್ಯಾಟರ್ಸನ್ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ಭೂಮಿಯ ವಯಸ್ಸನ್ನು ಅಳೆದವರು ಇವರು. 1948ರ ಸುಮಾರಿಗೆ ಷಿಕಾಗೋದಲ್ಲಿ ಸಂಶೋಧನಾ ವಿದ್ಯಾರ್ಥಿ. ಜಿರ್ಕಾನ್‌ನಲ್ಲಿ ಸೀಸ ಅಳೆಯಲು ಹೋದರೆ ಪ್ರತಿ ಸಲವೂ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತಿತ್ತು. ಬಂದ ಅಂಕಿಯನ್ನೇ ಬರೆದುಕೊಂಡು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದರು. ನೀರಿನಲ್ಲಿ ಇತ್ತು, ಗಾಜಿನಲ್ಲಿ ಇತ್ತು, ರಾಸಾಯನಿಕಗಳಲ್ಲಿ ಇತ್ತು, ಗಾಳಿಯ ಧೂಳಿನಲ್ಲಿ, ತಮ್ಮ ಚರ್ಮ ಕೂದಲಿನಲ್ಲಿ ಸಹ ಇತ್ತು. ಆಮೇಲೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಹೋಗಿ, ನೆಲ ಗೋಡೆ ತಿಕ್ಕಿ ತೊಳೆದು, ಆಮ್ಲಗಳನ್ನು ತಾವೇ ಬಟ್ಟಿಯಿಳಿಸಿ ಶುದ್ಧ ಮಾಡಿ, ಹೊರಗಿನ ಧೂಳು ಒಳಬಾರದ ಪ್ರಯೋಗಾಲಯ ಕಟ್ಟಿದರು. ವರ್ಷಗಳೇ ಹಿಡಿದವು. ಉಲ್ಕಾಶಿಲೆಗಳು ಭೂಮಿಯ ಜೊತೆಗೇ ಹುಟ್ಟಿದವು, ಆದ್ದರಿಂದ ಅರಿಜೋನಾದ ಕ್ಯಾನ್ಯನ್ ಡಯಾಬ್ಲೋ ಉಲ್ಕಾಶಿಲೆಯ ಸೀಸವನ್ನು 1953ರಲ್ಲಿ ಅಳೆದು, ಬೇರೆ ಉಲ್ಕೆಗಳ ಮತ್ತು ಸಮುದ್ರದ ಕೆಸರಿನ ಸೀಸದೊಂದಿಗೆ ಹೋಲಿಸಿ 1956ರಲ್ಲಿ ಪ್ರಕಟಿಸಿದ ಉತ್ತರ 455 ಕೋಟಿ ವರ್ಷ, ಏಳು ಕೋಟಿ ಆಚೀಚೆ. ಎಪ್ಪತ್ತು ವರ್ಷ ಕಳೆದರೂ ಅಂಕಿ ಅಲ್ಲೇ ಇದೆ, ಈಗ 454 ಕೋಟಿ ಎನ್ನುತ್ತೇವೆ.

ಗಾಳಿಯಲ್ಲಿ ಅಷ್ಟು ಸೀಸ ಯಾಕಿದೆ ಎಂಬ ಪ್ರಶ್ನೆಯನ್ನು ಪ್ಯಾಟರ್ಸನ್ ಬಿಡಲಿಲ್ಲ. ಅದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಎಂದು ಸಮುದ್ರದ ನೀರು, ಗ್ರೀನ್‌ಲ್ಯಾಂಡಿನ ಹಿಮದ ಪದರಗಳನ್ನು ಅಳೆದು ತೋರಿಸಿದರು. ಆ ಉದ್ಯಮದ ವಿರೋಧ ಕಟ್ಟಿಕೊಂಡರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ವಿಜ್ಞಾನಿಗಳು ತಮಗೆ ಬೇಕಾದ ಉತ್ತರ ಬರುವವರೆಗೆ ಅಳೆಯುತ್ತಾರೆ ಎಂಬ ಆರೋಪ ಕೇಳಿದಾಗಲೆಲ್ಲ ನೆಲ ತಿಕ್ಕುತ್ತಿದ್ದ ಆ ಮನುಷ್ಯ ನನಗೆ ನೆನಪಾಗುತ್ತಾರೆ.

ಇಂಗಾಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಂಗಾಲದ ಅಸ್ಥಿರ ರೂಪವಾದ ಕಾರ್ಬನ್ 14 ಭೂಮಿಯ ವಯಸ್ಸಿಗೆ ಸಂಬಂಧಿಸಿದ್ದೇ ಅಲ್ಲ. ಅದರ ಅರ್ಧಾಯು 5730 ವರ್ಷ, ಸುಮಾರು 50 ಸಾವಿರ ವರ್ಷದಾಚೆಗೆ ಅದು ಏನನ್ನೂ ಹೇಳದು. ಜೀವಂತ ಬಸವನಹುಳುವಿಗೆ 27 ಸಾವಿರ ವರ್ಷ ಬಂತು ಎಂಬುದು ನಿಜ, 1984ರಲ್ಲಿ ವರದಿಯಾದದ್ದು. ಆ ಹುಳುಗಳು ನೆವಾಡಾದ ಚಿಲುಮೆಗಳಲ್ಲಿದ್ದವು. ಆ ನೀರು ಹಳೆಯ ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಹುಳು ಚಿಪ್ಪು ಕಟ್ಟಿದ್ದು ಆ ಹಳೆಯ ಇಂಗಾಲದಿಂದ. ಇನ್ನು ವಜ್ರದಲ್ಲಿ ಕಾರ್ಬನ್ 14 ಸಿಕ್ಕಿತು ಎಂಬ ವಾದ. ಸಿಕ್ಕದ್ದು ಸುಮಾರು 55 ಸಾವಿರ ವರ್ಷಕ್ಕೆ ಸಮನಾದ ಅತ್ಯಲ್ಪ ಪ್ರಮಾಣ. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೇಲರ್ ಮತ್ತು ಸದನ್ ವಜ್ರಗಳನ್ನು ಸುಟ್ಟು ಸಂಸ್ಕರಿಸದೆ ನೇರವಾಗಿ ಯಂತ್ರಕ್ಕಿಟ್ಟಾಗ ಅದು ಸುಮಾರು 65ರಿಂದ 80 ಸಾವಿರಕ್ಕೆ ಹೋಯಿತು. ಸಂಸ್ಕರಣೆಯ ಹಂತ ಬಿಟ್ಟಕೂಡಲೇ ಕಾರ್ಬನ್ 14 ಕಡಿಮೆಯಾಯಿತು ಅಂದರೆ ಅದರ ಹೆಚ್ಚು ಪಾಲು ಬಂದದ್ದು ನಮ್ಮ ಕೈಯಿಂದ, ಯಂತ್ರದಿಂದ. ಪ್ಯಾಟರ್ಸನ್ ಎದುರಿಸಿದ ಸಮಸ್ಯೆಯೇ.

ಮೂರನೆಯ ಪ್ರಶ್ನೆ ಅತ್ಯಂತ ಆಳವಾದದ್ದು. ಕ್ಷಯದ ವೇಗವೇ ಹಿಂದೆ ಬೇರೆ ಇದ್ದಿದ್ದರೆ? 1997ರಿಂದ 2005ರವರೆಗೆ ಅಮೆರಿಕದ ಸೃಷ್ಟಿವಾದಿ ಸಂಶೋಧಕರು ರೇಟ್ ಎಂಬ ಯೋಜನೆ ನಡೆಸಿದರು. ಡಾಕ್ಟರೇಟ್ ಪಡೆದವರು, ನಿಜವಾದ ಅಳತೆಗಳನ್ನು ಮಾಡಿಸಿದವರು. ಅವರು ಕೊನೆಗೆ ಒಪ್ಪಿದ ಮಾತನ್ನು ಅವರ ಹಿಂಬಾಲಕರು ಹೆಚ್ಚಾಗಿ ಹೇಳುವುದಿಲ್ಲ. ಇಂದಿನ ವೇಗದಲ್ಲಿ ಕನಿಷ್ಠ 50 ಕೋಟಿ ವರ್ಷ ಹಿಡಿಯುವಷ್ಟು ಕ್ಷಯ ಕಲ್ಲುಗಳಲ್ಲಿ ನಿಜವಾಗಿ ನಡೆದಿದೆ ಎಂದು ಅವರೇ ಬರೆದರು. ಅಂದರೆ ಹುಂಡಿಯಲ್ಲಿ ನಾಣ್ಯ ಇದೆ, ಎಣಿಕೆ ಸರಿ, ಅಂತ ಒಪ್ಪಿದ ಹಾಗಾಯಿತು. ಅದನ್ನು ಆರು ಸಾವಿರ ವರ್ಷದೊಳಗೆ ತುಂಬಲು ಉಳಿದದ್ದು ಒಂದೇ ದಾರಿ: ಬೈಬಲ್ಲು ಹೇಳುವ ನೋಹನ ಪ್ರಳಯದ ಒಂದು ವರ್ಷದಲ್ಲಿ ಕ್ಷಯ ಕೋಟಿಗಟ್ಟಲೆ ಪಟ್ಟು ಜೋರಾಗಿ ನಡೆಯಿತು ಎನ್ನುವುದು. ಹಾಗೆ ನಡೆದಿದ್ದರೆ ಹುಟ್ಟುವ ಶಾಖಕ್ಕೆ ಬಂಡೆಗಳೇ ಕರಗುತ್ತವೆ ಎಂಬುದನ್ನೂ, ಇದು ತಮಗೆ ಬಗೆಹರಿಯದ ಸಮಸ್ಯೆ ಎಂಬುದನ್ನೂ ಅವರು ಪ್ರಾಮಾಣಿಕವಾಗಿ ದಾಖಲಿಸಿದರು.

ಶಾಖ ಬಿಡಿ, ನಮ್ಮ ದೇಹವನ್ನೇ ನೋಡಿ. ಇಲ್ಲಿ ಕೂತಿರುವ ಪ್ರತಿಯೊಬ್ಬರ ದೇಹದಲ್ಲೂ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪೊಟ್ಯಾಶಿಯಂ 40 ಪರಮಾಣುಗಳು ಕ್ಷಯಿಸುತ್ತಿವೆ. ಅದರಿಂದ ವರ್ಷಕ್ಕೆ ಸಿಗುವ ವಿಕಿರಣ ಸುಮಾರು 0.17 ಮಿಲಿಸೀವರ್ಟ್, ಏನೂ ಅಪಾಯವಿಲ್ಲ. ಇದನ್ನು 50 ಕೋಟಿ ಪಟ್ಟು ಮಾಡಿದರೆ 80 ಸಾವಿರ ಸೀವರ್ಟ್ ದಾಟುತ್ತದೆ. ಮನುಷ್ಯನ ಪ್ರಾಣ ತೆಗೆಯಲು ಐದು ಸೀವರ್ಟ್ ಸಾಕು. ಆ ಪ್ರಳಯದ ವರ್ಷ ನೋಹನ ನಾವೆಯಲ್ಲಿದ್ದ ಮನುಷ್ಯರೂ ಪ್ರಾಣಿಗಳೂ ಉಳಿಯುವ ಮಾತೇ ಇರಲಿಲ್ಲ.

ವೇಗ ಬದಲಾಗುವುದೇ ಇಲ್ಲವೇ ಅಂದರೆ, ಬದಲಾದ ಉದಾಹರಣೆಯೂ ಇದೆ. ರೇನಿಯಂ 187ರ ಎಲೆಕ್ಟ್ರಾನುಗಳನ್ನೆಲ್ಲ ಕಿತ್ತು ಬರಿ ಬೀಜವನ್ನು ಉಳಿಸಿದರೆ, ಸಾವಿರಾರು ಕೋಟಿ ವರ್ಷದ ಅರ್ಧಾಯು 33 ವರ್ಷಕ್ಕೆ ಇಳಿಯುತ್ತದೆ. 1996ರಲ್ಲಿ ಜರ್ಮನಿಯಲ್ಲಿ ತೋರಿಸಿದರು. ಅಂಥ ಸ್ಥಿತಿ ಇರುವುದು ನಕ್ಷತ್ರಗಳ ಒಡಲಲ್ಲಿ. ಅಲ್ಲಿ ಕಲ್ಲೇ ಇರುವುದಿಲ್ಲ. ಭೂಮಿಯ ಮೇಲಿನ ಶಾಖ, ಒತ್ತಡ, ರಾಸಾಯನಿಕಗಳಿಂದ ಈ ಗಡಿಯಾರಗಳ ವೇಗ ಹಾಗೆ ಬದಲಾದದ್ದನ್ನು ಯಾರೂ ಕಂಡಿಲ್ಲ.

ಹಿಂದಿನ ಕಾಲವನ್ನು ನೋಡಲಾಗದು ಎನ್ನುತ್ತಾರೆ. ಆಕಾಶದಲ್ಲಿ ನೋಡಬಹುದು. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲನ್ ಮೋಡ ಎಂಬ ನೆರೆಯ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ದೂರ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ. ಅಂದರೆ ಕಂಡ ಬೆಳಕು 1.68 ಲಕ್ಷ ವರ್ಷದ ಹಿಂದಿನದು. ಸ್ಫೋಟದ ನಂತರ ಅದರ ಬೆಳಕು ತಿಂಗಳುಗಟ್ಟಲೆ ಕುಂದುತ್ತಾ ಹೋದ ಲಯ ಕೋಬಾಲ್ಟ್ 56ರ 77 ದಿನದ ಅರ್ಧಾಯುವಿಗೆ ಹೊಂದಿತು. ಅದರ ಗಾಮಾ ಕಿರಣಗಳೂ ಸಿಕ್ಕವು. ಅಂದು ಅಲ್ಲಿ ನಡೆದ ಕ್ಷಯ, ಇಂದು ಇಲ್ಲಿನ ಪ್ರಯೋಗಾಲಯದ ಕ್ಷಯ, ವೇಗ ಒಂದೇ.

ಇನ್ನೊಂದು ಸಾಕ್ಷಿ ಗೈರುಹಾಜರಿಯದು. ಟೆಕ್ನೀಷಿಯಂ ಎಂಬ ಧಾತು ಇದೆ. ಅದರ ಯಾವ ರೂಪವೂ ಸ್ಥಿರವಲ್ಲ, ಅತಿ ದೀರ್ಘ ಅರ್ಧಾಯು ಸುಮಾರು 42 ಲಕ್ಷ ವರ್ಷ. 1937ರಲ್ಲಿ ಇಟಲಿಯ ಪಲೆರ್ಮೋದಲ್ಲಿ ಕೃತಕವಾಗಿ ಹುಟ್ಟಿದ್ದನ್ನು ಗುರುತಿಸುವವರೆಗೆ ಅದು ಯಾರಿಗೂ ಸಿಕ್ಕಿರಲಿಲ್ಲ. ಯುರೇನಿಯಂ ಒಡೆದಾಗ ಹುಟ್ಟುವ ಕಿಂಚಿತ್ತು ಬಿಟ್ಟರೆ ನೆಲದಲ್ಲಿ ಅದು ಇಲ್ಲ. ಆದರೆ 1952ರಲ್ಲಿ ಖಗೋಳವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ ನಕ್ಷತ್ರಗಳ ಬೆಳಕಿನಲ್ಲಿ ಅದರ ಗೆರೆಗಳನ್ನು ಕಂಡರು. ನಕ್ಷತ್ರಗಳು ಈಗಲೂ ಅದನ್ನು ತಯಾರಿಸುತ್ತಿವೆ. ಭೂಮಿಯಾದ ಧೂಳಿನಲ್ಲೂ ಅದು ಇದ್ದಿರಲೇಬೇಕು. ಆರು ಸಾವಿರ ವರ್ಷವಷ್ಟೇ ಆಗಿದ್ದರೆ ಅದರಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಕ್ಷಯಿಸಿರುತ್ತಿತ್ತು, ಗಣಿಗಳಲ್ಲಿ ಸಿಗುತ್ತಿತ್ತು. ಇದೊಂದೇ ಅಲ್ಲ. ಯಾವುದೂ ಹೊಸದಾಗಿ ಹುಟ್ಟಿಸದಿದ್ದರೆ, ಅರ್ಧಾಯು ಎಂಟು ಕೋಟಿ ವರ್ಷಕ್ಕಿಂತ ಕಡಿಮೆ ಇರುವ ವಿಕಿರಣಶೀಲ ಪರಮಾಣುಗಳು ಭೂಮಿಯಲ್ಲಿ ಉಳಿದಿಲ್ಲ. 70 ಕೋಟಿಯ ಯುರೇನಿಯಂ 235 ಉಳಿದಿದೆ, 125 ಕೋಟಿಯ ಪೊಟ್ಯಾಶಿಯಂ ಉಳಿದಿದೆ. ಮನೆಯ ದೀಪಗಳಲ್ಲಿ ಎಣ್ಣೆ ಕಡಿಮೆ ಇದ್ದವೆಲ್ಲ ಆರಿ, ಹೆಚ್ಚು ಇದ್ದವು ಮಾತ್ರ ಉರಿಯುತ್ತಿದ್ದರೆ ರಾತ್ರಿ ಎಷ್ಟು ಕಳೆದಿದೆ ಅಂತ ಮನೆಯವರಿಗೆ ತಿಳಿಯುವುದಿಲ್ಲವೇ?

454 ಕೋಟಿಗೂ ಆರು ಸಾವಿರಕ್ಕೂ ನಡುವಿನ ಅಂತರ ಏಳೂವರೆ ಲಕ್ಷ ಪಟ್ಟು. ಬೆಂಗಳೂರಿಂದ ಮೈಸೂರಿಗೆ ಒಂದು ಗೇಣು ದೂರ ಅಂತ ಹೇಳಿದಷ್ಟು ಅಂತರ. ಅಳತೆಯಲ್ಲಿ ಶೇಕಡಾ ಒಂದು, ಐದು, ಹತ್ತು ತಪ್ಪಬಹುದು, ತಪ್ಪುತ್ತದೆ. ಆದರೆ ಹೈಟಿಯ ಬೆಲೋಕ್‌ನಲ್ಲಿ ಸಿಕ್ಕ ಉಲ್ಕಾಪಾತದ ಗಾಜಿನ ಮಣಿಗಳು, ಮೊಂಟಾನಾ ಮತ್ತು ಸಸ್ಕಾಚೆವಾನ್‌ನ ಕಲ್ಲಿದ್ದಲ ನಡುವಿನ ಬೂದಿಪದರಗಳು, ಇವನ್ನು ಬೇರೆ ಬೇರೆ ಪ್ರಯೋಗಾಲಯಗಳು ಆರ್ಗಾನ್, ರುಬಿಡಿಯಂ, ಯುರೇನಿಯಂ ಗಡಿಯಾರಗಳಿಂದ ಅಳೆದಾಗ ಎಲ್ಲವೂ ಆರೂವರೆ ಕೋಟಿ ವರ್ಷದ ಆಸುಪಾಸಿಗೇ ಬಂದವು. ಸೋರಿಕೆಯೇ ಆಗಲಿ ಹಳೆಯ ನಾಣ್ಯವೇ ಆಗಲಿ, ಒಂದೊಂದು ಖನಿಜವನ್ನು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಎಲ್ಲ ಗಡಿಯಾರಗಳೂ ಒಂದೇ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಲಕ್ಷ ಪಟ್ಟು ತಪ್ಪುವುದಕ್ಕೆ ಕಾರಣ ಏನು ಅಂತ ಆ ವಾದದವರು ತೋರಿಸಬೇಕು. ಆ ವಿದ್ಯಾರ್ಥಿನಿಗೂ ನಾನು ಇಷ್ಟೇ ಹೇಳಿದ್ದು: ಆ ವಿಡಿಯೋದ ಕಲ್ಲು ನಿಜ, ಅದರಿಂದ ಅವರು ಹಾರಿದ ದೂರವನ್ನು ಅಳೆದು ನೋಡು.

ಕಲ್ಲು ಕೊನೆಯ ಸಾಲಿಗೆ ತಲುಪಿದೆ ಅಂತ ಕಾಣುತ್ತದೆ. ಅಲ್ಲೇ ಹಿಂದಿನ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟಿದ್ದೇನೆ. ಅದರಡಿ ಇದೇ ಕಲ್ಲನ್ನು ಬೆಳಕು ದಾಟುವಷ್ಟು ತೆಳ್ಳಗೆ ತೇದ ಬಿಲ್ಲೆ ಇದೆ. ಕಂದು ಬಣ್ಣದ ಅಭ್ರಕದ ಹಾಳೆಯನ್ನು ಹುಡುಕಿ, ಕೆಳಗಿನ ತಟ್ಟೆಯನ್ನು ನಿಧಾನ ತಿರುಗಿಸಿ. ಅಭ್ರಕ ತಿಳಿಯಾಗುತ್ತದೆ, ಗಾಢವಾಗುತ್ತದೆ. ಅದರ ನಡುವೆ ಒಂದು ಜಿರ್ಕಾನ್ ಕಣ, ಸುತ್ತ ಕಪ್ಪು ಮಸಿಯ ಬಳೆ. ಯುರೇನಿಯಂ ಕ್ಷಯಿಸುವಾಗ ಜಿರ್ಕಾನ್‌ನೊಳಗಿಂದ ಸಿಡಿದು ಹೊರಟ ಆಲ್ಫಾ ಕಣಗಳು ಅಭ್ರಕವನ್ನು ಸುಟ್ಟ ಗುರುತು ಅದು. ಅಗಲ ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲು ಇರಬಹುದು. ಆಲ್ಫಾ ಕಣ ಎಷ್ಟು ದೂರ ಹೋಗುತ್ತದೆ ಎಂಬುದು ಅದರ ಶಕ್ತಿಯನ್ನು ಅವಲಂಬಿಸಿದೆ, ಆ ಶಕ್ತಿಗೂ ಕ್ಷಯದ ವೇಗಕ್ಕೂ ಬಿಗಿಯಾದ ನಂಟಿದೆ. ವೇಗ ಲಕ್ಷ ಪಟ್ಟು ಬೇರೆ ಇದ್ದಿದ್ದರೆ ಬಳೆಯ ಅಳತೆಯೂ ಬೇರೆ ಇರುತ್ತಿತ್ತು. ಸಣ್ಣ ಕಣಗಳ ಸುತ್ತ ಬಳೆಗಳು ಸ್ಪಷ್ಟವಾಗಿ ಬಿಡಿಬಿಡಿಯಾಗಿರುವ ಹಳೆಯ ಅಭ್ರಕಗಳಲ್ಲಿ ಅಳೆದು ನೋಡಿದ್ದಾರೆ, ಇಂದಿನ ಯುರೇನಿಯಂ ಮತ್ತು ಅದರ ಸಂತತಿಗೆ ಇರಬೇಕಾದ ಅಳತೆಯೇ ಅದು. ಒಬ್ಬೊಬ್ಬರಾಗಿ ಬನ್ನಿ. ಕನ್ನಡಕ ಇರುವವರು ತೆಗೆದು ನೋಡಿ, ಪಕ್ಕದ ತಿರುಗಣೆಯಿಂದ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು.